ಸೋದರತ್ತೆ ಏರು ಹತ್ತಲಿಲ್ಲ

ನಮ್ಮ ಊರಿಗೆ ಬರುವವರು ಟಿಕೆಟ್ ಕಿಟಕಿಯ ಮುಂದೆ ಊರಿನ ಹೆಸರು ಹೇಳಬೇಕಾಗಿಲ್ಲ. ರೈಲು ಹೋಗುವುದೇ ಒಂದು ಊರಿಗೆ. ಅವರು ಹೇಳಬೇಕಾದದ್ದು ಬೇರೆ. "ಯಾರ ಜೊತೆಗಾದ್ರೂ ಮಾತು ಬಿಟ್ಟೀರೇನ್ರಿ?" ಎಂದು ಒಳಗಿನಿಂದ ಕೇಳುತ್ತಾರೆ. ಬಿಟ್ಟಿದ್ದರೆ ಯಾರ ಜೊತೆ, ಅವರೂ ಇವತ್ತಿನ ರೈಲಿಗೇ ಬರುತ್ತಿದ್ದಾರೆಯೇ ಎಂದು ವಿಚಾರಿಸಿಕೊಂಡೇ ಟಿಕೆಟ್ ಕೊಡುವುದು. ಹೊಸಬರು ಇದನ್ನು ಕೇಳಿ ನಗುತ್ತಾರೆ. ಏರಿನ ನಡುವಿನ ಏದುಸಿರು ತಿರುವು ಬರುವವರೆಗೂ ನಗುತ್ತಲೇ ಇರುತ್ತಾರೆ.

ನಮ್ಮದು ಸಣ್ಣ ಹಳಿಯ ರೈಲು. ಹಳಿಗಳು ಎಷ್ಟು ಹತ್ತಿರ ಇವೆಯೆಂದರೆ ನಡುವೆ ಎಮ್ಮೆ ಅಡ್ಡ ಮಲಗಿದರೆ ತಲೆ ಒಂದು ಕಡೆ, ಬಾಲ ಇನ್ನೊಂದು ಕಡೆ ಹೊರಗುಳಿಯುತ್ತದೆ. ಕೆಳಗಿನ ಪೇಟೆಯಿಂದ ಹೊರಟು, ಬಂಡೆಗಳ ನಡುವೆ ಸುತ್ತಿ ಸುತ್ತಿ ಮೇಲಿನ ನಮ್ಮ ಊರಿಗೆ ಬರುವಷ್ಟರಲ್ಲಿ ಕೂತವರಿಗೆ ಒಂದು ನಿದ್ದೆಯಾಗಿ, ಮತ್ತೆ ಹಸಿವಾಗಿ, ಪಕ್ಕದಲ್ಲಿ ಕೂತವರ ಮನೆಯ ವಿಚಾರವೆಲ್ಲ ತಿಳಿದಿರುತ್ತದೆ. ನಡುವೆ ಇಳಿದು ಸೀತಾಫಲ ಕಿತ್ತುಕೊಂಡು ಮತ್ತೆ ಅದೇ ಡಬ್ಬಿಗೆ ಹತ್ತಬಹುದು. ಸ್ವಲ್ಪ ಮೈಭಾರ ಇರುವವರು ಹಿಂದಿನ ಡಬ್ಬಿಗೆ ಹತ್ತುತ್ತಾರೆ, ಅಷ್ಟೇ. ಎಷ್ಟೋ ವರ್ಷಗಳ ಹಿಂದೆ ಯಾರೋ ದೊಡ್ಡವರು ಬಂದು ನೋಡಿ, ಅಳತೆ ಮಾಡಿ, 'ಪಾರಂಪರಿಕ ರೈಲು' ಎಂದು ಬೋರ್ಡು ಹಾಕಿ ಹೋದರು. ನಾವು ಮೆಣಸಿನಕಾಯಿ ಚೀಲ ಹೊತ್ತು ಓಡಾಡುತ್ತಿದ್ದ ರೈಲು ಪಾರಂಪರಿಕವಾದದ್ದು ಎಂದು ಅಲ್ಲಿಯವರೆಗೆ ನಮಗೇ ಗೊತ್ತಿರಲಿಲ್ಲ. ಬೋರ್ಡು ಬಂದ ಮೇಲೆ ಸೀಟುಗಳಿಗೆ ಮೆತ್ತೆ ಬಂತು, ಕ್ಯಾಮೆರಾ ಹಿಡಿದ ಜನ ಬಂದರು, ಮೆಣಸಿನಕಾಯಿ ಚೀಲಗಳು ಕೊನೆಯ ಡಬ್ಬಿಗೆ ಹೋದವು.

ಒಂದು ಕಾಲಕ್ಕೆ ಮೂರು ಎಂಜಿನ್‌ಗಳಿದ್ದವು. ದೊಡ್ಡಮ್ಮ ಈಗ ಸ್ಟೇಷನ್ನಿನ ಮುಂದೆ ಬಣ್ಣ ಬಳಿಸಿಕೊಂಡು ನಿಂತಿದ್ದಾಳೆ, ಬಂದವರೆಲ್ಲ ಅವಳಿಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಚಿಕ್ಕಮ್ಮ ಶೆಡ್ಡಿನಲ್ಲಿದ್ದಾಳೆ. ಅವಳ ಮೈಮೇಲಿದ್ದ ಕವಾಟ, ಕೊಳವೆ, ಗಂಟೆ ಎಲ್ಲವೂ ಒಂದೊಂದಾಗಿ ಮೂರನೆಯವಳಿಗೆ ಸೇರಿಹೋಗಿವೆ. ಆ ಮೂರನೆಯವಳೇ ಸೋದರತ್ತೆ. ಓಡುವವಳು ಈಗ ಅವಳೊಬ್ಬಳೇ. ಆ ಹೆಸರು ಯಾರಿಟ್ಟರೋ ಗೊತ್ತಿಲ್ಲ, ಆದರೆ ಇಟ್ಟವರ ಮನೆಯಲ್ಲಿ ಒಬ್ಬ ಜಬರ್ದಸ್ತಿನ ಸೋದರತ್ತೆ ಇದ್ದಿರಲೇಬೇಕು. ಯಾರು ಯಾರ ಜೊತೆ ಮುನಿಸಿಕೊಂಡಿದ್ದಾರೆ ಎಂಬುದು ಗೊತ್ತಾಗದೆ ಇವಳಿಗೆ ಮುಂದಕ್ಕೆ ಹೆಜ್ಜೆ ಹೋಗುವುದಿಲ್ಲ.

ಮಾತು ಬಿಟ್ಟ ಇಬ್ಬರು ರೈಲಿನಲ್ಲಿದ್ದರೆ ಏದುಸಿರು ತಿರುವಿನಲ್ಲಿ ಸೋದರತ್ತೆ ನಿಲ್ಲುತ್ತಾಳೆ. ಒಲೆ ಉರಿಯುತ್ತಿರುತ್ತದೆ, ಉಗಿ ತುಂಬಿರುತ್ತದೆ, ಚಕ್ರ ಮಾತ್ರ ತಿರುಗುವುದಿಲ್ಲ. ಆಗ ಗಾರ್ಡ್ ವರದಣ್ಣ ಕೆಂಪು ಬಾವುಟ ಕಂಕುಳಲ್ಲಿ ಸಿಕ್ಕಿಸಿಕೊಂಡು ಡಬ್ಬಿ ಡಬ್ಬಿಗೆ ಬಂದು "ಯಾರಪ್ಪ ಅದು?" ಎಂದು ಕೇಳುತ್ತಾನೆ. ಆ ಇಬ್ಬರು ಎದ್ದು, ಒಬ್ಬರು ಕೇಳಿ ಇನ್ನೊಬ್ಬರು ಉತ್ತರ ಕೊಟ್ಟರೆ ಸಾಕು. ಅದಕ್ಕೆ ನಮ್ಮಲ್ಲಿ ರೈಲು ಮಾತು ಎಂದೇ ಹೆಸರು. ಪ್ರೀತಿ ಇರಬೇಕೆಂದಿಲ್ಲ. "ಮಳೆ ಬಂದೀತಾ?", "ಕೂಸಿಗೆ ಜ್ವರ ಬಿಡ್ತಾ?" ಇಷ್ಟಾದರೂ ನಡೆಯುತ್ತದೆ. ಆದರೆ ಕೇಳಿದವರು ಉತ್ತರಕ್ಕೆ ಕಾಯಬೇಕು. ಕೇಳಿ ಮುಖ ಆ ಕಡೆ ತಿರುಗಿಸಿದರೆ ಸೋದರತ್ತೆಗೆ ಹೇಗೋ ತಿಳಿದುಹೋಗುತ್ತದೆ. ಕೋರ್ಟು ಮುಗಿಸಿ ಬರುವ ವಾದಿ ಪ್ರತಿವಾದಿಗಳು ಎದುರುಬದುರು ಕೂತು ತೊಗರಿಬೇಳೆಯ ವಿಚಾರ ಮಾತಾಡಿಕೊಂಡು ಬಂದು, ನಮ್ಮ ಊರಿನಲ್ಲಿ ಇಳಿದ ಕೂಡಲೇ ಮತ್ತೆ ಹಲ್ಲು ಕಡಿಯುವುದನ್ನು ನಾನೇ ನೋಡಿದ್ದೇನೆ.

ನಾನು ಪಾರಕ್ಕ, ಸೋದರತ್ತೆಯ ಡ್ರೈವರ್ ಹಾಲಪ್ಪನವರ ಹೆಂಡತಿ. ಮದುವೆಯಾಗಿ ಬಂದ ದಿನದಿಂದಲೂ ನಮ್ಮ ಮನೆಯಲ್ಲಿ ನಾನು ಎರಡನೆಯವಳು. ಮೊದಲನೆಯವಳು ಶೆಡ್ಡಿನಲ್ಲಿರುತ್ತಾಳೆ, ದಿನಕ್ಕೆ ಎಷ್ಟೋ ಗಾಡಿ ಕಲ್ಲಿದ್ದಲು ತಿನ್ನುತ್ತಾಳೆ. ನಮ್ಮವರು ಬೆಳಿಗ್ಗೆ ಒಂದು ಕಾಲು ಚಪ್ಪಲಿಯಲ್ಲಿಟ್ಟು "ನಿಂದು ಊಟ ಆತೇನೇ, ಪಾರಿ?" ಎಂದು ಕೇಳುತ್ತಾರೆ. ನಾನು ಒಳಗಿನಿಂದ ಉತ್ತರ ಹೇಳುತ್ತಾ ಬಾಗಿಲಿಗೆ ಬರುವಷ್ಟರಲ್ಲಿ ಅವರು ಬೀದಿಯ ಕೊನೆಯಲ್ಲಿರುತ್ತಾರೆ. ಆಗಿಲ್ಲ ಎಂದರೂ ಅಷ್ಟೇ, ಆಯಿತು ಎಂದರೂ ಅಷ್ಟೇ. ಈ ಲೆಕ್ಕದಲ್ಲಿ ಸೋದರತ್ತೆ ನಮ್ಮಿಬ್ಬರನ್ನೂ ಎಂದೋ ತಿರುವಿನಲ್ಲಿ ಇಳಿಸಬೇಕಿತ್ತು. ಆದರೆ ರೈಲಿನಲ್ಲಿ ಕೂತಾಗ ನಾನು ಬಿಡದೆ ಮಾತಾಡುತ್ತೇನೆ, ಅವರಿಗೆ ಓಡಿಹೋಗಲು ಜಾಗ ಇರುವುದಿಲ್ಲ. ಹಾಗಾಗಿ ನಮ್ಮಿಂದ ರೈಲಿಗೆ ಎಂದೂ ತೊಂದರೆಯಾಗಿಲ್ಲ.

ಎಂಜಿನ್ನಿನಲ್ಲಿ ಅವರ ಜೊತೆಗಿದ್ದವನು ದುರುಗಪ್ಪ, ಫೈರ್‌ಮನ್. ಕಲ್ಲಿದ್ದಲು ಹಾಕುವುದು ಅವನ ಕೆಲಸ, ಬದನೆಕಾಯಿ ಸುಡುವುದು ಅವನ ಕಸುಬು. ಕಲ್ಲಿದ್ದಲು ಎತ್ತುವ ಸಲಿಕೆಯನ್ನು ತೊಳೆದು, ಮೇಲೆ ಬದನೆಕಾಯಿ ಇಟ್ಟು, ಒಲೆಯ ಬಾಯಿಯೊಳಗೆ ಒಂದು ಗಳಿಗೆ ಹಿಡಿದು ತೆಗೆಯುತ್ತಾನೆ. ಸಿಪ್ಪೆ ಕರ್ರಗಾಗಿ, ಒಳಗೆ ಬೆಣ್ಣೆಯಾಗಿ ಬಂದಿರುತ್ತದೆ. ನಮ್ಮ ಮನೆಯಿಂದ ಇಬ್ಬರಿಗೂ ಆಗುವಷ್ಟು ಜೋಳದ ರೊಟ್ಟಿ, ಒಂದು ಚಿಟಿಕೆ ಕುಟ್ಟಿದ ಉಪ್ಪುಕಾರ ಹೋಗುತ್ತಿತ್ತು. ಕೆಳಗಿನ ಸ್ಟೇಷನ್ನಿನಲ್ಲಿ ನೀರು ತುಂಬಿಸುವ ಹೊತ್ತಿಗೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದರು. ಅದನ್ನು ನೋಡಲಿಕ್ಕೆಂದೇ ಕ್ಯಾಮೆರಾದವರು ಸುತ್ತ ನಿಲ್ಲುತ್ತಿದ್ದರು.

ಅವರಲ್ಲೊಬ್ಬ ಒಂದು ದಿನ ರುಚಿ ನೋಡಿ "ಆಹಾ" ಎಂದ. ಅಷ್ಟಕ್ಕೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ನಮ್ಮವರಿಗೆ ಬಾಯಿ ತಡೆಯಲಿಲ್ಲ. "ಇದ್ರಾಗೆ ಅರ್ಧ ರುಚಿ ಸೋದರತ್ತೆ ಬೆಂಕೀದು, ಇನ್ನರ್ಧ ನಮ್ಮನೆ ಉಪ್ಪುಕಾರದ್ದು" ಎಂದರು. ಸುಟ್ಟವನು ಪಕ್ಕದಲ್ಲೇ ಕೂತಿದ್ದ. ಅವನ ಪಾಲಿಗೆ ಏನೂ ಉಳಿಯಲಿಲ್ಲ. ಮಾರನೆಯ ದಿನ ದುರುಗಪ್ಪ ಒಂದೇ ಒಂದು ಬದನೆಕಾಯಿ ಸುಟ್ಟ, ಒಬ್ಬನೇ ತಿಂದ.

ನಮ್ಮವರು ಅದನ್ನು ನೋಡಿದರು. ಅವನನ್ನು ಕೇಳಲಿಲ್ಲ. ಎಂಜಿನ್ನಿನ ಕಡೆ ತಿರುಗಿ "ಸೋದರತ್ತೆ, ಇವತ್ತು ಬದನೆಕಾಯಿ ಒಂದೇ ಅಂತೆ?" ಎಂದರು. ದುರುಗಪ್ಪನೂ ಎಂಜಿನ್ನಿಗೇ ಹೇಳಿದ, "ಸೋದರತ್ತೆ, ಬೇಕಾದೋರು ಉಪ್ಪುಕಾರ ತಿನ್ಲಿ ಅಂತ ಹೇಳು." ಆವತ್ತಿನಿಂದ ಶುರುವಾದದ್ದು. "ಸೋದರತ್ತೆ, ನೀರು ಬಿಡಾಕೆ ಹೇಳು." "ಸೋದರತ್ತೆ, ಬಿಟ್ಟಾಗೈತೆ ಅಂತ ಹೇಳು." "ಸೋದರತ್ತೆ, ಹಳಿ ಮೇಲೆ ದನ ಅದಾವೆ ಅಂತ ಇವ್ರಿಗೆ ಕಾಣ್ತದೋ ಇಲ್ಲೋ?" ಹೀಗೆ ದಿನವಿಡೀ. ಎಂಜಿನ್ನಿನ ಸದ್ದಿನಲ್ಲಿ ಇಬ್ಬರೂ ಕಿರುಚಿ ಮಾತಾಡಬೇಕಲ್ಲ, ಆ ಗದ್ದಲ ಎಲ್ಲ ಡಬ್ಬಿಗಳಿಗೂ ಕೇಳುತ್ತಿತ್ತು. ನಮ್ಮ ಊರಿನಲ್ಲಿ ಹಾಲಪ್ಪ ದುರುಗಪ್ಪರಷ್ಟು ಮಾತಾಡಿಕೊಳ್ಳುವ ಜೋಡಿ ಇನ್ನೊಂದಿಲ್ಲ ಎಂದು ಜನ ಹೇಳುತ್ತಿದ್ದರು. ಸೋದರತ್ತೆ ಎನ್ನುವುದು ಅವರ ಬಾಯಿಗೆ ಅಂಟಿದ ಚಟ ಎಂದುಕೊಂಡರು. ಸೋದರತ್ತೆ ಒಂದು ದಿನವೂ ಅವರಿಗಾಗಿ ನಿಲ್ಲಲಿಲ್ಲ. ತನ್ನ ಮೂಲಕವೇ ಎಲ್ಲ ನಡೆಯುತ್ತಿದೆ ಎನ್ನುವಾಗ ಯಾವ ಅತ್ತೆ ಬೇಜಾರಾಗುತ್ತಾಳೆ?

ನನಗೆ ಮಾತ್ರ ಬುತ್ತಿಯಿಂದ ತಿಳಿಯುತ್ತಿತ್ತು. ನಮ್ಮವರು ನನಗೆ ರೊಟ್ಟಿ ಕಡಿಮೆ ಮಾಡು ಎಂದು ಯಾವತ್ತೂ ಹೇಳಲಿಲ್ಲ. ಇಬ್ಬರ ಪಾಲು ಒಯ್ದು, ಅರ್ಧವನ್ನು ಪಾನಾ, ಸುತ್ತಿಗೆ ಇಡುವ ಪೆಟ್ಟಿಗೆಯ ಮೇಲಿಟ್ಟು "ಸೋದರತ್ತೆ, ಇದು ಜಾಸ್ತಿ ಆತು, ಯಾರಾದ್ರೂ ತಿಂದ್ರೆ ತಿನ್ಲಿ" ಎನ್ನುತ್ತಿದ್ದರಂತೆ. ಸ್ವಲ್ಪ ದಿನಕ್ಕೆ ಅವನೂ ಎರಡು ಬದನೆಕಾಯಿ ಸುಡತೊಡಗಿದ. ಒಂದನ್ನು ಸಲಿಕೆಯ ಮೇಲೆ ಬಿಟ್ಟು "ಸೋದರತ್ತೆ, ಇದೊಂದು ಕೈತಪ್ಪಿ ಸುಟ್ಟೋಯ್ತು" ಎನ್ನುತ್ತಿದ್ದನಂತೆ. ಇಷ್ಟು ವರ್ಷ ದಿನಾ ಒಂದು ಬದನೆಕಾಯಿ ಅವನಿಗೆ ಕೈತಪ್ಪುತ್ತಲೇ ಇತ್ತು. ಸಂಜೆ ಮನೆಗೆ ಬಂದರೆ ನಮ್ಮವರ ಬಾಯಲ್ಲಿ ಅವನದೇ ಸುದ್ದಿ. ಅವನು ಹೀಗೆ ಸಲಿಕೆ ಹಿಡಿದ, ಹಾಗೆ ಕೆಮ್ಮಿದ, ಅವನ ಮಗಳಿಗೆ ಹೆರಿಗೆ ಹತ್ತಿರ ಬಂದಿದೆಯಂತೆ. ಯಾರು ಹೇಳಿದರು ಎಂದರೆ "ಸೋದರತ್ತೆಗೆ ಹೇಳ್ತಿದ್ದ, ಕಿವಿಗೆ ಬಿತ್ತು" ಎನ್ನುವುದು.

ಹೀಗಿರುವಾಗ ನಮ್ಮವರಿಗೆ ನಿವೃತ್ತಿಯ ದಿನ ಬಂತು. ನಮ್ಮಲ್ಲಿ ಅದಕ್ಕೊಂದು ಪದ್ಧತಿ ಇದೆ. ಡ್ರೈವರ್ ಕೊನೆಯ ಬಾರಿಗೆ ರೈಲನ್ನು ಕೆಳಗೆ ಇಳಿಸುತ್ತಾನೆ. ಕೆಳಗಿನ ಸ್ಟೇಷನ್ನಿನಲ್ಲಿ ಎಂಜಿನ್ನಿನ ಹಿಡಿ ಒರೆಸುವ ಬಟ್ಟೆಯನ್ನು ಫೈರ್‌ಮನ್ ಕೈಗೆ ಕೊಟ್ಟು ಇಳಿಯುತ್ತಾನೆ. ಅಲ್ಲಿಂದ ಫೈರ್‌ಮನ್ನೇ ಡ್ರೈವರ್. ಹಳೆಯ ಡ್ರೈವರ್ ಹಾರ ಹಾಕಿಕೊಂಡು, ಹೆಂಡತಿಯ ಜೊತೆ ಮೊದಲ ಡಬ್ಬಿಯಲ್ಲಿ ಪ್ರಯಾಣಿಕನಾಗಿ ಕೂತು ಊರಿಗೆ ಬರಬೇಕು. ಮೇಲೆ ಬ್ಯಾಂಡ್‌ಸೆಟ್ಟಿನವರು ಕಾಯುತ್ತಿರುತ್ತಾರೆ.

ಬಟ್ಟೆ ಕೊಡುವುದನ್ನು ನೋಡಲು ನಾನು ಪ್ಲಾಟ್‌ಫಾರಂ ಮೇಲೆ ನಿಂತಿದ್ದೆ. ಕೈಗೆ ಕೈ ತಾಗಬೇಕಾದ ಹೊತ್ತು ಅದು. ನಮ್ಮವರು ಬಟ್ಟೆಯನ್ನು ಚೆನ್ನಾಗಿ ಮಡಚಿ ಕಲ್ಲಿದ್ದಲಿನ ಗುಡ್ಡೆಯ ಮೇಲಿಟ್ಟು "ಸೋದರತ್ತೆ, ತಗಳ್ಳಾಕೆ ಹೇಳು" ಎಂದರು. ದುರುಗಪ್ಪ ಕೆಳಗೆ ನೋಡುತ್ತಾ ಅದನ್ನು ತೆಗೆದುಕೊಂಡು "ಸೋದರತ್ತೆ, ತಗಂಡೆ ಅಂತ ಹೇಳು" ಎಂದ. ಜನ ಚಪ್ಪಾಳೆ ತಟ್ಟಿದರು. ನಾಳೆಯಿಂದ ಅವನು ಎಂಜಿನ್ನಿನಲ್ಲಿ, ಇವರು ನಮ್ಮ ಮನೆಯ ಕಟ್ಟೆಯ ಮೇಲೆ. ನಡುವೆ ಸೋದರತ್ತೆ ಇಲ್ಲ. ಇನ್ನು ಇವರಿಬ್ಬರ ಮಾತು ಇಲ್ಲಿಗೇ ಮುಗಿದುಹೋಗುತ್ತದೆ, ಬದನೆಕಾಯಿ ಒಂದೇ ಆಗುತ್ತದೆ. ಆ ಮೇಲೆ ಈ ಮನುಷ್ಯ ದಿನವಿಡೀ ಕಟ್ಟೆಯ ಮೇಲೆ ಕೂತು ಯಾರ ಸುದ್ದಿ ಹೇಳುತ್ತಾರೆ? ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಮೊದಲ ಡಬ್ಬಿ ತುಂಬಿತ್ತು. ಹಾರ ಹಾಕಿಕೊಂಡು ನಾವಿಬ್ಬರೂ ಎದುರುಬದುರು ಸೀಟಿನಲ್ಲಿ ಕೂತೆವು, ಬುತ್ತಿ ನನ್ನ ತೊಡೆಯ ಮೇಲಿತ್ತು. ನಮ್ಮವರು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಮಂಡಿಯ ಮೇಲೆ, ಒಮ್ಮೆ ಕಿಟಕಿಯ ಮೇಲೆ ಇಡುತ್ತಿದ್ದರು. ಸೀಟಿ ಕೂಗಿದರೆ "ಉದ್ದ ಆತು" ಎನ್ನುವುದು, ಹೊಗೆ ಬಂದರೆ "ಕಲ್ಲಿದ್ದಲು ಜಾಸ್ತಿ ಹಾಕ್ಯಾನೆ" ಎನ್ನುವುದು. ಎದುರಿಗಿದ್ದ ಟೇಲರ್ ಮೌನೇಶ ಪಾಪ ಎಲ್ಲದಕ್ಕೂ ಹೂಂಗುಟ್ಟುತ್ತಿದ್ದ.

ಏದುಸಿರು ತಿರುವಿಗೆ ಬಂದಾಗ ಸೋದರತ್ತೆ ಒಮ್ಮೆ ಉಸಿರು ಬಿಟ್ಟು ನಿಂತಳು.

ನಮ್ಮವರ ಮುಖ ಅರಳಿತು. ಇಷ್ಟು ವರ್ಷ ತಿರುವಿನಲ್ಲಿ ನಿಂತಾಗಲೆಲ್ಲ ಎಂಜಿನ್ನಿನಿಂದ ಕತ್ತು ಹೊರಹಾಕಿ, ಮಾತು ಬಿಟ್ಟವರನ್ನು ಗೇಲಿ ಮಾಡುವುದು ಅವರಿಗೆ ಹಬ್ಬವಾಗಿತ್ತು. "ಯಾರೋ ಅದಾರೆ" ಎಂದು ಕೈ ಉಜ್ಜಿಕೊಂಡರು. "ಎದ್ದೇಳ್ರಪ್ಪ, ನಾಚ್ಕೋಬ್ಯಾಡ್ರಿ. ಇಷ್ಟು ವಯಸ್ಸಾದ್ರೂ ಹುಡುಗ್ರಂಗೆ ಮಾತು ಬಿಟ್ಕಂಡು ಕುಂತ್ರೆ ಹೆಂಗೆ?"

ವರದಣ್ಣ ಬಾವುಟದೊಂದಿಗೆ ಬಂದ. ಮೊದಲು ಸಿಕ್ಕಿಬಿದ್ದದ್ದು ಮೌನೇಶನೇ. ಕಾತ್ಯಾಯಿನಿ ಟೀಚರ್ ಅವರ ರವಿಕೆಯ ತೋಳನ್ನು ಅವನು ಬಿಗಿ ಮಾಡಿಟ್ಟು, ಅವರು ಬೇರೆ ಟೇಲರನ್ನು ಹಿಡಿದಿದ್ದರು. "ತೋಳು ಸರಿ ಮಾಡಿ ಕೊಡ್ಲೇನ್ರಿ ಟೀಚರ್?" ಎಂದು ಅವನು ಕೇಳಿದ. "ಈಗ ನಾನೇ ಸಣ್ಣಗಾಗೀನಿ, ಸರಿಯಾಗ್ತೈತೆ ಬಿಡು" ಎಂದು ಟೀಚರ್ ಹೇಳಿದರು. ಅದು ಸುಳ್ಳು ಎಂದು ಎಲ್ಲರಿಗೂ ಕಾಣುತ್ತಿತ್ತು, ಆದರೆ ಉತ್ತರ ಉತ್ತರವೇ. ಸೋದರತ್ತೆ ಅಲುಗಲಿಲ್ಲ.

ಎರಡನೆಯ ಡಬ್ಬಿಯಲ್ಲಿ ಇಬ್ಬರು ವಾರಗಿತ್ತಿಯರು ಸಿಕ್ಕರು. ರುಬ್ಬುವ ಕಲ್ಲು ಯಾರ ಕಡೆಗೆ ಬರಬೇಕು ಎಂದು ಜಗಳ. ವರದಣ್ಣ ನಡುವೆ ನಿಂತು ಮಾತಾಡಿಸಿದ. ಶುರುವಾದ ಮಾತು ನಿಲ್ಲದೆ ಜಗಳವೇ ಆಯಿತು, ಆದರೂ ಮಾತು ಬಂತಲ್ಲ ಎಂದು ಮುಂದಕ್ಕೆ ಹೋದ. ಕ್ಯಾಮೆರಾದ ಗಂಡ ಹೆಂಡತಿ ಒಂದು ಜೋಡಿ ಇತ್ತು. ದೂರದ ಊರಿನವರು, ನೀರಿನ ಬಾಟಲಿ ಮರೆತದ್ದು ಯಾರು ಎಂಬುದರ ಮೇಲೆ ಬೆಳಿಗ್ಗೆಯಿಂದ ಮುಖ ಊದಿಸಿಕೊಂಡಿದ್ದರು. ಇಡೀ ಡಬ್ಬಿ ತಮ್ಮ ಬಾಯನ್ನೇ ನೋಡುವುದನ್ನು ಕಂಡು ಗಂಡ ನಾಚಿ "ನಿನಗೆ ನೀರು ಬೇಕಾ?" ಎಂದ. "ಬೇಕು" ಎಂದು ಅವಳು ಅತ್ತುಬಿಟ್ಟಳು. ಯಾರೋ ಚೊಂಬು ಕೊಟ್ಟರು. ಮೆಣಸಿನಕಾಯಿ ಚೀಲದ ಡಬ್ಬಿಯಲ್ಲಿ ಇಬ್ಬರು ಅಣ್ಣತಮ್ಮಂದಿರು ತಾವಾಗಿಯೇ ಎದ್ದು ತಬ್ಬಿಕೊಂಡರಂತೆ. ಅವರು ಮಾತು ಬಿಟ್ಟೇ ಇರಲಿಲ್ಲ, ಎಲ್ಲರೂ ಮಾಡುತ್ತಿದ್ದಾರೆ ಎಂದು ಮಾಡಿದರಂತೆ. ಇಷ್ಟಾದರೂ ಸೋದರತ್ತೆ ಕಲ್ಲಾಗಿ ನಿಂತಿದ್ದಳು. ಮೇಲಿನಿಂದ ಬ್ಯಾಂಡ್‌ಸೆಟ್ಟಿನವರು ಅಭ್ಯಾಸ ಮಾಡುವ ಸದ್ದು ಕೇಳುತ್ತಿತ್ತು.

ವರದಣ್ಣ ಬೆವರು ಒರೆಸಿಕೊಳ್ಳುತ್ತಾ ನಮ್ಮ ಡಬ್ಬಿಗೆ ವಾಪಸು ಬಂದ. "ಪಾರಕ್ಕ, ತಪ್ಪು ತಿಳ್ಕೋಬ್ಯಾಡ್ರಿ. ನೀವು ಮತ್ತೆ ಯಜಮಾನ್ರು..."

"ನಾವು ಚೆನ್ನಾಗೇ ಅದೀವಿ. ಅವ್ರು ಕೇಳ್ತಾರೆ, ಕಾಯಲ್ಲ. ನಾನು ಕಾಯಲ್ಲ, ಹೇಳ್ತೀನಿ" ಎಂದೆ.

ಹಾಗೆ ಹೇಳುವಾಗಲೇ ನನಗೆ ಹೊಳೆದದ್ದು. ಕಲ್ಲಿದ್ದಲಿನ ಮೇಲಿಟ್ಟ ಬಟ್ಟೆ ಕಣ್ಣಮುಂದೆ ಬಂತು. ಮಾತು ಬಿಟ್ಟವರನ್ನು ಡಬ್ಬಿಗಳಲ್ಲಿ ಹುಡುಕುತ್ತಿದ್ದೆವು. ಎಂಜಿನ್ನಿನ ಕಡೆ ಒಬ್ಬರೂ ನೋಡಿರಲಿಲ್ಲ. ನಮ್ಮವರ ಪಕ್ಕಕ್ಕೆ ಹೋಗಿ ಕೂತೆ.

"ರೀ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ದುರುಗಪ್ಪನ ಜೊತೆ ಮಾತಾಡಿ ಎಷ್ಟು ದಿನ ಆತು?"

"ನಿಂಗೇನು ತಲೆ ಕೆಟ್ಟೈತಾ? ಬೆಳಿಗ್ಗೆ ತಾನೇ ಮಾತಾಡೀನಿ. ದಿನಾ ಮಾತಾಡ್ತೀನಿ."

"ಸೋದರತ್ತೆ ಜೊತೆ ಮಾತಾಡ್ತೀರಿ. ದುರುಗಪ್ಪನ ಜೊತೆ?"

ನನ್ನ ಗಂಡ ಸುಳ್ಳುಗಾರ ಅಲ್ಲ. ಇಷ್ಟು ವರ್ಷವೂ ತಾವು ಮಾತಾಡುತ್ತಲೇ ಇದ್ದೇವೆ ಎಂದು ಅವರು ನಿಜವಾಗಿಯೂ ನಂಬಿದ್ದರು. ಆ ನಂಬಿಕೆ ಅವರ ಮುಖದಿಂದ ನಿಧಾನವಾಗಿ ಇಳಿಯಿತು.

"ಅವ್ನಿಗೆ ಕೇಳ್ತೈತಲ್ಲ" ಎಂದರು.

"ಕೇಳ್ತೈತೆ. ಅವ್ನಿಗೆ ಕೇಳಂಗೆ ಹೇಳಾದು ಬ್ಯಾರೆ, ಅವ್ನಿಗೇ ಹೇಳಾದು ಬ್ಯಾರೆ."

"ಅವ್ನೇ ಮೊದ್ಲು ಬದನೆಕಾಯಿ ಒಂದೇ ಸುಟ್ಟಿದ್ದು."

"ಹೌದ್ರಿ, ಅವ್ನೇ ಸುಟ್ಟಿದ್ದು. ನಾಳೆಯಿಂದ ಏನ್ ಮಾಡ್ತೀರಿ? ಅವ್ನು ಅಲ್ಲಿ, ನೀವು ಕಟ್ಟೆ ಮೇಲೆ. ಯಾರತ್ರ ಹೇಳಿ ಕಳಿಸ್ತೀರಿ? ನನ್ನತ್ರನಾ? ನಾನು ಹೋಗಲ್ಲ, ಈಗ್ಲೇ ಹೇಳೀನಿ."

ನಮ್ಮವರು ಹಾರದ ಚೆಂಡುಹೂವೊಂದನ್ನು ಕಿತ್ತು ಎಸಳು ಬಿಡಿಸುತ್ತಾ ಕೂತರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, ಎದುರಿಗಿದ್ದ ಮೌನೇಶನಿಗೂ ಕೇಳದ ಹಾಗೆ ಹೇಳಿದರು. "ಕೇಳ್ತೀನಿ ಪಾರಿ. ಎಲ್ರ ಮುಂದೆ ಕೇಳಿ, ಅವ್ನು ಉತ್ರ ಕೊಡದೇ ಇದ್ರೆ?"

ಇದು ಹೆದರಿಕೆ ಎಂದು ನನಗೆ ಆಗ ಗೊತ್ತಾಯಿತು. ಇಷ್ಟು ವರ್ಷ ಇದನ್ನು ನಾನು ಹಟ ಎಂದುಕೊಂಡಿದ್ದೆ. "ಕೊಡದಿದ್ರೆ ಎಲ್ರೂ ಇಳಿದು ನಡ್ಕಂಡು ಹೋಗಾಣ. ನಂಗೆ ಮಂಡಿ ನೋವು, ಆದ್ರೂ ನಡೀತೀನಿ. ಏಳ್ರಿ" ಎಂದೆ.

ಅವರು ಇಳಿದರು. ಹಾರ ಹಾಕಿಕೊಂಡವರು ಜಲ್ಲಿಕಲ್ಲಿನ ಮೇಲೆ ಒಬ್ಬರೇ ಎಂಜಿನ್ನಿನ ಕಡೆ ನಡೆಯುವುದನ್ನು ನೋಡಿ ಕಿಟಕಿಗಳಿಂದ ತಲೆಗಳು ಹೊರಬಂದವು. ಮೊದಲು ಅರ್ಥವಾದದ್ದು ವರದಣ್ಣನಿಗೆ. ಬಾವುಟದಿಂದ ಹಣೆ ಚಚ್ಚಿಕೊಂಡ. ಆಮೇಲೆ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಪಿಸುಪಿಸು ಹರಿಯಿತು. ವಾರಗಿತ್ತಿಯರೂ ಜಗಳ ನಿಲ್ಲಿಸಿ ಇಣುಕಿದರು. ನಾನು ಇಳಿದು, ಮಂಡಿ ಹಿಡಿದುಕೊಂಡು ಅವರ ಹಿಂದೆಯೇ ಹೋದೆ. ಇದನ್ನು ಬೇರೆಯವರ ಬಾಯಿಂದ ಕೇಳುವಷ್ಟು ತಾಳ್ಮೆ ನನಗಿಲ್ಲ.

ದುರುಗಪ್ಪ ಎಂಜಿನ್ನಿನಲ್ಲಿ ಈ ಕಡೆ ಬೆನ್ನು ಮಾಡಿ ನಿಂತಿದ್ದ. ಕೈಯಲ್ಲಿ ಆ ಮಡಚಿದ ಬಟ್ಟೆ, ಒರೆಸಿದ್ದನ್ನೇ ಒರೆಸುತ್ತಿದ್ದ. ನಮ್ಮವರು ಕೆಳಗೆ ಚಕ್ರದ ಪಕ್ಕ ನಿಂತರು. ಅಭ್ಯಾಸಬಲದಿಂದ ಎಂಜಿನ್ನಿನ ಮೈ ಮುಟ್ಟಿ "ಸೋದರ..." ಎಂದು ಶುರುಮಾಡಿದರು. ನಾನು ಹಿಂದಿನಿಂದ ಕೆಮ್ಮಿದೆ. ಅವರು ಕೈ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡರು.

"ದುರುಗಾ" ಎಂದರು.

ಅವನ ಕೈ ನಿಂತಿತು.

"ಬದನೆಕಾಯಿ ಸುಟ್ಟೀಯೇನೋ?"

ಕೇಳಿ, ಕಾದರು. ಊಟ ಆಯಿತೇ ಎಂದು ಕೇಳಿ ಬೀದಿಯ ಕೊನೆ ಮುಟ್ಟುತ್ತಿದ್ದ ಮನುಷ್ಯ, ಕತ್ತು ಮೇಲೆತ್ತಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಸುಮ್ಮನೆ ನಿಂತು ಕಾಯುತ್ತಿದ್ದರು. ದುರುಗಪ್ಪ ತಿರುಗಿದ. ಅವನ ಮಸಿ ಮುಖದಲ್ಲಿ ಏನಿದೆ ಎಂದು ತಿಳಿಯುವ ಹಾಗಿರಲಿಲ್ಲ. ಗಂಟಲು ಸರಿಮಾಡಿಕೊಂಡು ಒಲೆಯ ಬಾಗಿಲಿನ ಕಡೆ ನೋಡಿ ಅವನು ಹೇಳಿದ, "ಸೋದರತ್ತೆ, ಏನಂತ ಹೇಳ್ಲಿ..."

"ಅಯ್ಯೋ!" ಎಂದು ಇಡೀ ರೈಲು ಒಟ್ಟಿಗೆ ಕೂಗಿತು. ಅಷ್ಟರಲ್ಲಿ ಎಲ್ಲಿಂದಲೋ ಉಗಿ ಬುಸ್ಸೆಂದು ಅವನ ಕಾಲಬುಡಕ್ಕೇ ನುಗ್ಗಿತು. ದುರುಗಪ್ಪ ಹಾರಿ ಬಿದ್ದು ಮೆಟ್ಟಿಲ ಹತ್ತಿರ ಬಂದ. ಈಗ ಅವನ ಮುಖ ನಮ್ಮವರ ಮುಖಕ್ಕೆ ನೇರವಾಗಿತ್ತು, ಬೇರೆ ಕಡೆ ನೋಡಲು ಜಾಗ ಇರಲಿಲ್ಲ.

"ಸುಟ್ಟೀನಿ, ಹಾಲಣ್ಣ" ಎಂದ. "ಇನ್ ಮ್ಯಾಲೆ ಒಂದೇ ಸಾಕಲ್ಲ ಅಂತ ಒಂದೇ ಇಡಾಕೆ ಹೋದೆ. ಕೈ ಎರಡು ತಗಂತು."

ನಮ್ಮವರು ತಲೆ ಆಡಿಸಿದರು. "ರುಚಿ ನಿನ್ ಕೈದೋ ದುರುಗಾ" ಎಂದರು. "ಬೆಂಕೀದೂ ಅಲ್ಲ, ಉಪ್ಪುಕಾರದ್ದೂ ಅಲ್ಲ. ಅವತ್ತು ನಾನು ತಪ್ಪು ಹೇಳ್ದೆ."

ನಮ್ಮ ಮನೆಯ ಉಪ್ಪುಕಾರವನ್ನು ಹೀಗೆ ಎಲ್ಲರ ಮುಂದೆ ತಳ್ಳಿಹಾಕಿದ್ದಕ್ಕೆ ಬೇರೆ ದಿನವಾಗಿದ್ದರೆ ನಾನೇ ಮಾತು ಬಿಡುತ್ತಿದ್ದೆ. ಆವತ್ತು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ದುರುಗಪ್ಪನೂ ಆ ಬಟ್ಟೆಯಿಂದಲೇ ಕಣ್ಣು ಒರೆಸಿಕೊಂಡ, ಮುಖದ ತುಂಬ ಎಣ್ಣೆಯಾಯಿತು.

ಆಗ ಸೋದರತ್ತೆ ಹೊರಟಳು. ಯಾರನ್ನೂ ಕೇಳಲಿಲ್ಲ, ಸೀಟಿಯನ್ನೂ ಹಾಕಿಸಿಕೊಳ್ಳಲಿಲ್ಲ. ನಮ್ಮವರು ಕೆಳಗೇ ಇದ್ದರು, ನಾನೂ ಕೆಳಗೇ ಇದ್ದೆ. ದುರುಗಪ್ಪ ಕೈ ಚಾಚಿದ, ನಮ್ಮವರು ಹಿಡಿದು ಹತ್ತಿದರು. ಪದ್ಧತಿಯ ಪ್ರಕಾರ ಪ್ರಯಾಣಿಕನಾಗಿ ಬರಬೇಕಾದವರು ಹಾರದ ಸಮೇತ ಎಂಜಿನ್ನಿನಲ್ಲಿ ನಿಂತರು. ಹೆಂಡತಿ ಜಲ್ಲಿಕಲ್ಲಿನ ಮೇಲೆ ಉಳಿದಿದ್ದಾಳೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಮೊದಲ ಡಬ್ಬಿ ನನ್ನನ್ನು ದಾಟಿತು, ಎರಡನೆಯದೂ ದಾಟಿತು. ಕೊನೆಗೆ ಮೆಣಸಿನಕಾಯಿ ಡಬ್ಬಿಯವರು ನನ್ನನ್ನು ಎಳೆದು ಹತ್ತಿಸಿದರು. ಮೈಭಾರದವರ ವಿಚಾರ ಮೊದಲೇ ಹೇಳಿದ್ದೇನಲ್ಲ.

ಬುತ್ತಿ ಮುಂದಿನ ಡಬ್ಬಿಯ ಸೀಟಿನ ಮೇಲೆ ಉಳಿದಿತ್ತು. ರೊಟ್ಟಿ ಇಲ್ಲದೆ ಅವರು ಬದನೆಕಾಯಿ ಹೇಗೆ ತಿನ್ನುತ್ತಾರೆ? ನಾನು ಕಿಟಕಿಯಿಂದ ಕೂಗಿ ಹೇಳಿದೆ. ಮಾತು ಕಿಟಕಿಯಿಂದ ಕಿಟಕಿಗೆ ದಾಟಿ ಮೌನೇಶನಿಗೆ ಮುಟ್ಟಿತು. ಅವನು ಬುತ್ತಿಯನ್ನು ಕಾತ್ಯಾಯಿನಿ ಟೀಚರ್ ಕೈಗೆ ಕೊಟ್ಟ, ಟೀಚರ್ ಕಿಟಕಿಯಿಂದ ಬಗ್ಗಿ ವರದಣ್ಣನಿಗೆ ಕೊಟ್ಟರು, ಅವನು ಪಕ್ಕದಲ್ಲಿ ನಡೆಯುತ್ತಾ ಹೋಗಿ ಎಂಜಿನ್ನಿಗೆ ಮುಟ್ಟಿಸಿದ. ಟೀಚರ್ ರವಿಕೆಯ ತೋಳು ಆಗ ಪರ್ರೆಂದು ಹರಿಯಿತಂತೆ.

ಮೇಲೆ ಬ್ಯಾಂಡ್‌ಸೆಟ್ಟಿನವರು ಹೊಸ ಡ್ರೈವರಿಗೆ ಒಂದು, ಹಳೆಯ ಡ್ರೈವರಿಗೆ ಒಂದು ಎಂದು ಎರಡು ಪದ ಕಲಿತಿದ್ದರು. ಇಬ್ಬರೂ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ಒಟ್ಟಿಗೆ ಇಳಿದದ್ದನ್ನು ಕಂಡು ಯಾವುದನ್ನು ಮೊದಲು ನುಡಿಸಬೇಕೆಂದು ತಿಳಿಯದೆ ಎರಡನ್ನೂ ಕೂಡಿಸಿ ನುಡಿಸಿದರು. ಬಹಳ ಕೆಟ್ಟದಾಗಿತ್ತು.

ಮಾರನೆಯ ದಿನ ನಮ್ಮವರು ಎಂದಿನ ಹೊತ್ತಿಗೇ ಎದ್ದರು. ಸ್ನಾನ ಮಾಡಿ, ತಲೆ ಬಾಚಿ, ಬಾಗಿಲಿಗೆ ಹೋಗಿ ಒಂದು ಕಾಲನ್ನು ಚಪ್ಪಲಿಯಲ್ಲಿಟ್ಟರು. ಆಗಲೇ ಅವರಿಗೆ ಹೋಗಬೇಕಾದ ಕಡೆ ಯಾವುದೂ ಇಲ್ಲ ಎಂಬುದು ನೆನಪಾಗಿರಬೇಕು. ದೂರದಲ್ಲಿ ಸೋದರತ್ತೆ ಸೀಟಿ ಹಾಕಿದಳು. "ಉದ್ದ ಆತು" ಎಂದುಕೊಂಡರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ಎಲ್ಲ ನೋಡುತ್ತಿದ್ದೆ.

"ನಿಂದು ಊಟ ಆತೇನೇ, ಪಾರಿ?" ಎಂದರು.

ಕೇಳಿದವರು ಹೋಗಲಿಲ್ಲ. ಚಪ್ಪಲಿಯಿಂದ ಕಾಲು ತೆಗೆದು, ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದು ನಿಂತರು. ನಿನ್ನೆ ಎಂಜಿನ್ನಿನ ಪಕ್ಕ ನಿಂತ ಹಾಗೆಯೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ನಾನು ಕೂಡಲೇ ಉತ್ತರ ಕೊಡಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿದೆ. ಅದು ಬೆಂದ ಮೇಲೆ ತೆಗೆದಿಟ್ಟು, ಇನ್ನೊಂದನ್ನು ನಿಧಾನವಾಗಿ ಬಡಿಯತೊಡಗಿದೆ. ಇಷ್ಟು ವರ್ಷ ನಾನು ಕಾದಿದ್ದೇನೆ, ಸ್ವಲ್ಪ ಹೊತ್ತು ಅವರೂ ಕಾಯಲಿ.